ಮೆಣಸಿನಕಾಯಿ ಯಾಕೆ ಕೆಂಪು? ಪರೀಕ್ಷೆಗೆ ಬರೋದಿಲ್ಲವಂತೆ!

ಮೊನ್ನೆ ಹಾನಗಲ್ಲಿಗೆ ಹೋದಾಗ ಅಕ್ಕನ ಮಗಳ ಬಿ.ಎಸ್ಸಿ. ನೋಟ್ಸು ಕೈಗೆ ಸಿಕ್ಕಿತು. ಮುತ್ತಿನಂಥ ಅಕ್ಷರದಲ್ಲಿ ಶ್ರೋಡಿಂಗರ್ ಸಮೀಕರಣ. "ಇದರಿಂದ ಏನ್ ತಿಳೀತವ್ವಾ?" ಅಂದೆ. "ಹತ್ತು ಮಾರ್ಕ್ಸ್ ಬರ್ತಾವ ಮಾಮಾ" ಅಂದಳು! ಇದನ್ನು ದೊಡ್ಡ ಅಣುವಿಗೆ ಹೆಂಗ ಹಚ್ಚೂದು ಅಂತ ಕ್ಲಾಸಿನಲ್ಲಿ ಕೇಳಿದ್ದಕ್ಕೆ, "ಅದಕ್ಕ ಸೂಪರ್‌ಕಂಪ್ಯೂಟರ್ ಬೇಕು, ಅದು ಬೆಂಗಳೂರಿನವರ ಕೆಲಸ, ನೀ ಪರೀಕ್ಷಾಕ್ಕ ಓದು" ಅಂದರಂತೆ ಅವರ ಸರ್.

ಸುಳ್ಳು ಸ್ವಾಮಿ, ಶುದ್ಧ ಸುಳ್ಳು.

ನಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯನ್ನೇ ತಗೊಳ್ಳಿ. 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಖಾರಕ್ಕಿಂತ ಬಣ್ಣಕ್ಕೇ ಹೆಸರು. ಆ ಕೆಂಪಿನ ಮುಖ್ಯ ಅಣು ಕ್ಯಾಪ್ಸಾಂಥಿನ್: 40 ಇಂಗಾಲ, 56 ಜಲಜನಕ, 3 ಆಮ್ಲಜನಕ. ಒಟ್ಟು 320 ಇಲೆಕ್ಟ್ರಾನು. ಅಷ್ಟನ್ನೂ ಕರಾರುವಾಕ್ಕಾಗಿ ಲೆಕ್ಕ ಹಾಕೋದು ಬೆಂಗಳೂರಿನವರಿಗೂ ಆಗೋಲ್ಲ! ಎಲ್ಲರೂ ಏನಾದರೊಂದನ್ನು ಕೈಬಿಟ್ಟೇ ಲೆಕ್ಕ ಹಾಕೋದು. ಹಾರ್ಟ್ರೀ-ಫಾಕ್ ವಿಧಾನದಲ್ಲಿ ಪ್ರತಿ ಇಲೆಕ್ಟ್ರಾನೂ ಉಳಿದವುಗಳ ಸರಾಸರಿಯನ್ನಷ್ಟೇ ಕಾಣುತ್ತದೆ. ಹ್ಯೂಕೆಲ್ ಮಹಾಶಯ 1931ರಲ್ಲಿ ಇನ್ನೂ ಧೈರ್ಯ ಮಾಡಿದ. ಜೋಡಿಬಂಧಗಳ ಪೈ ಇಲೆಕ್ಟ್ರಾನು ಸಾಕು, ಉಳಿದದ್ದು ಬಿಡಿ ಅಂದ. ಕ್ಯಾಪ್ಸಾಂಥಿನ್‌ನಲ್ಲಿ ಒಂದೇ ಸಾಲಿಗೆ 11 ಜೋಡಿಬಂಧ, ಅಂದರೆ 22 ಪೈ ಇಲೆಕ್ಟ್ರಾನು. ಸಾಲು ಉದ್ದವಾದಷ್ಟೂ ತುಂಬಿದ ಕೊನೆಯ ಮೆಟ್ಟಿಲಿಗೂ ಖಾಲಿ ಇರುವ ಮೊದಲ ಮೆಟ್ಟಿಲಿಗೂ ಅಂತರ ಕಮ್ಮಿ. ಕಣ್ಣಿಗೆ ಕಾಣದ ನೇರಳಾತೀತವನ್ನು ಹೀರಬೇಕಿದ್ದದ್ದು ನೀಲಿ ಬೆಳಕನ್ನೇ ನುಂಗುತ್ತದೆ, ಕಾಯಿ ಕೆಂಪಾಗುತ್ತದೆ. ಇಷ್ಟಕ್ಕೆ ಪೆನ್ಸಿಲ್ ಸಾಕು. ಮುಂದಕ್ಕೆ ಪೈಎಸ್‌ಸಿಎಫ್‌ನಂಥ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಸಣ್ಣ ಅಣುಗಳಿಗೆ ಸಾದಾ ಲ್ಯಾಪ್‌ಟಾಪ್ ಸಾಕು. ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲಿ ಲ್ಯಾಪ್‌ಟಾಪ್ ಇಲ್ಲವೇನು?

ಹಾಗಂತ 'ಕಂಪ್ಯೂಟರಿಗೆ ಹಾಕಿದೆ, ಉತ್ತರ ಬಂತು' ಅನ್ನೋರ ಮೇಲೂ ನನಗೆ ಗೌರವವಿಲ್ಲ. ಡಿಎಫ್‌ಟಿಗಾಗಿ ವಾಲ್ಟರ್ ಕೋನ್‌ಗೆ 1998ರಲ್ಲಿ ನೊಬೆಲ್ ಬಂತು, ಸರಿಯೇ. ಆದರೆ ಅಣು ಯಾವುದೇ ಇರಲಿ, ಅದೇ ಬಿ3ಎಲ್‌ವೈಪಿ, ಅದೇ ಕೆಂಪು-ನೀಲಿ ಆರ್ಬಿಟಲ್ ಚಿತ್ರ, ಒಂದು ಪೇಪರ್! ಇದೂ ಬಾಯಿಪಾಠವೇ ಅಲ್ಲವೇ? ಇಂಥ ಉದ್ದ ಸಾಲುಗಳಲ್ಲಿ ಬಣ್ಣ ಕೊಡುವ ಸ್ಥಿತಿಗಿಂತ ಕೆಳಗೆ, ಬೆಳಕಿಗೆ ನೇರವಾಗಿ ಸಿಗದ ಒಂದು ಕಳ್ಳ ಸ್ಥಿತಿ ಕೂತಿರುತ್ತದೆ ಅಂತ 1972ರಲ್ಲೇ ಗೊತ್ತಾಗಿತ್ತು. ಎರಡು ಇಲೆಕ್ಟ್ರಾನು ಒಟ್ಟಿಗೆ ಜಿಗಿಯುವ ವ್ಯವಹಾರ ಅದು. ಮಾಮೂಲಿ ಟಿಡಿ-ಡಿಎಫ್‌ಟಿ ಅದನ್ನು ನಂಬುವಂತೆ ಹಿಡಿಯೋಲ್ಲ. ಪೈ ಇಲೆಕ್ಟ್ರಾನುಗಳನ್ನಷ್ಟೇ ಇಟ್ಟುಕೊಂಡು, ಅವುಗಳ ನಡುವಿನ ಜಗಳವನ್ನು ಮಾತ್ರ ಬಿಡದೆ ಲೆಕ್ಕ ಹಾಕಿದವರಲ್ಲಿ ನಮ್ಮ ಐಐಎಸ್‌ಸಿಯ ಎಸ್. ರಾಮಶೇಷ ಒಬ್ಬರು, 1980ರ ದಶಕದಲ್ಲೇ. ಯಾವುದನ್ನು ಬಿಡಬಾರದು ಅಂತ ಗೊತ್ತಿದ್ದವರು ಅವರು. ಗುಂಡಿ ಒತ್ತೋರಿಗೆ ಬಿಟ್ಟದ್ದೇನು ಅನ್ನೋದೇ ಗೊತ್ತಿಲ್ಲ.

ಇರಲಿ. ಅವತ್ತು ಸಂಜೆ ನೋಟ್ಸಿನ ಹಿಂದಿನ ಪುಟದಲ್ಲಿ ಮಾಮಾ-ಸೊಸಿ ಕೂತು ಬ್ಯೂಟಾಡೈಯೀನಿನ ನಾಲ್ಕು-ನಾಲ್ಕರ ಮ್ಯಾಟ್ರಿಕ್ಸ್ ಬಿಡಿಸಿದೆವು. ಉತ್ತರ 1.618 ಬೀಟಾ, 0.618 ಬೀಟಾ. ಚಹಾ ಆರಿ ತಣ್ಣಗಾಗಿತ್ತು. "ಮಾಮಾ, ಈ ಬೀಟಾದ ಬೆಲಿ ಎಲ್ಲಿಂದ ತಂದ್ರಿ?" ಅಂದಳು. ಪ್ರಯೋಗದಿಂದ ತಂದು ಕೂಡಸ್ತಾರವ್ವಾ ಅಂದೆ.

"ಹಂಗಾದ್ರ ಇದು ಪೂರ್ತಿ ಲೆಕ್ಕ ಅಲ್ಲ ಬಿಡ್ರಿ" ಅಂದು, ಪುಟ ತಿರುವಿ ಹೊಸದಾಗಿ ಶುರು ಮಾಡಿದಳು.