ತಪ್ಪು ಯಂತ್ರದ್ದೇ?



ಎಲ್ಲಿ ಅವಘಡವಾದರೂ ಕೊನೆಗೆ ಒಂದು ಮಾತು ಕೇಳಿಬರುತ್ತದೆ: ‘ಯಂತ್ರದೋಷವೇ ಕಾರಣ.’ ಓದಿದವರು ಅಯ್ಯೋ ಎಂದು ಪತ್ರಿಕೆ ಮಡಚುತ್ತಾರೆ. ಯಂತ್ರಕ್ಕೆ ಬಾಯಿಲ್ಲ, ಯಾರ ತಪ್ಪು ಹೊರಿಸಿದರೂ ಹೊರುತ್ತದೆ. ಆದರೆ ಯಂತ್ರದೊಡನೆ ದುಡಿಯುವ ನಾವು ಅಷ್ಟಕ್ಕೇ ಸುಮ್ಮನಾಗಬಾರದು. ಏಕೆಂದು ಹೇಳಲು ದೂರದೇಶದ ಒಂದು ವಿಮಾನದ ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ.

1975ರ ಏಪ್ರಿಲ್ 4. ವಿಯೆಟ್ನಾಮ್ ಯುದ್ಧ ಕೊನೆಗೆ ಬಂದಿತ್ತು. ಸೈಗಾನ್ ನಗರ ಇಂದೋ ನಾಳೆಯೋ ಬೀಳುವಂತಿತ್ತು. ಅಲ್ಲಿಯ ಅನಾಥ ಮಕ್ಕಳನ್ನು ವಿಮಾನದಲ್ಲಿ ಹೊರಕ್ಕೆ ಸಾಗಿಸುವುದಾಗಿ ಅಮೆರಿಕದ ಅಧ್ಯಕ್ಷ ಫೋರ್ಡ್ ಆಗತಾನೆ ಸಾರಿದ್ದರು. ಮೊದಲಿಗೆ ಬಂದುದು ಅಮೆರಿಕ ವಾಯುಪಡೆಯ ಸಿ-5ಎ ಗೆಲಾಕ್ಸಿ ಎಂಬ ಭಾರೀ ಸಾಗಾಟ ವಿಮಾನ. ಅದು ಫಿರಂಗಿ, ಟ್ಯಾಂಕು ಹೊರುವ ವಿಮಾನ. ಮಕ್ಕಳನ್ನು ಹೊರಲು ಕಟ್ಟಿದ್ದಲ್ಲ. ಎಳೆಯ ಕೂಸುಗಳನ್ನು ಮೇಲಟ್ಟದ ಸೀಟುಗಳಲ್ಲಿ ಕಟ್ಟಿ ಕೂರಿಸಿದರು. ದೊಡ್ಡ ಮಕ್ಕಳನ್ನೂ ಜೊತೆಗೆ ಬಂದವರನ್ನೂ ಕೆಳಗೆ ಸಾಮಾನಿನ ಅಂಕಣದ ನೆಲದ ಮೇಲೆಯೇ ಕೂರಿಸಿದರು. ಒಟ್ಟು 314 ಮಂದಿ.

ಹೊರಟು ಕಾಲು ಗಂಟೆಯೂ ಆಗಿರಲಿಲ್ಲ. ವಿಮಾನ ಸುಮಾರು 23,000 ಅಡಿ ಏರಿತ್ತು. ಅಷ್ಟು ಮೇಲೆ ಹೊರಗಿನ ಗಾಳಿ ತೆಳು, ಒಳಗೆ ತುಂಬಿದ ಗಾಳಿಯ ಒತ್ತಡ ಹೆಚ್ಚು. ಕುಕ್ಕರಿನ ಮುಚ್ಚಳ ಸರಿಯಾಗಿ ಕೂರದಿದ್ದರೆ ಏನಾಗುವುದೆಂದು ಅಡಿಗೆಮನೆಯ ನಮಗೆ ಹೇಳಿಕೊಡಬೇಕೇ? ಹಿಂಬಾಗಿಲಿನ ಬೀಗಗಳು ಸೋತುವು. ಬಾಗಿಲು ಸಿಡಿದು ಹೋಯಿತು. ಹೋಗುವಾಗ ಬಾಲವನ್ನು ಆಡಿಸುವ ತಂತಿಗಳನ್ನೂ ಕಡಿದುಹಾಕಿತು. ಕ್ಯಾಪ್ಟನ್ ಟ್ರೇನರ್ ಮತ್ತು ಸಂಗಡಿಗರು ಎಂಜಿನುಗಳ ಬಲವನ್ನು ಏರಿಸಿ ಇಳಿಸಿ ವಿಮಾನವನ್ನು ಸೈಗಾನಿನತ್ತ ತಿರುಗಿಸಿದರು. ನಿಲ್ದಾಣ ಸಿಗಲಿಲ್ಲ. ಗದ್ದೆಗೆ ಇಳಿದು, ಮತ್ತೆ ಮೇಲೆದ್ದು, ನದಿ ದಾಟಿ, ಕಟ್ಟೆಗೆ ಬಡಿದು ತುಂಡಾಯಿತು. 176 ಮಂದಿ ಬದುಕಿದರು. 138 ಮಂದಿ ಸತ್ತರು; ಅವರಲ್ಲಿ 78 ಮಕ್ಕಳು. ಕೆಳಗೆ ನೆಲದ ಮೇಲೆ ಕೂತವರೇ ಹೆಚ್ಚಾಗಿ ಹೋದರು.

ಶತ್ರುಗಳ ಕೈವಾಡವಿರಬಹುದೆಂದು ಮೊದಲು ಸಂಶಯಪಟ್ಟರು. ತನಿಖೆಯಲ್ಲಿ ಬೇರೆಯೇ ಹೊರಬಿತ್ತು. ಆ ಬಾಗಿಲಿನ ಬೀಗದ ಭಾಗಗಳನ್ನು ಹಿಂದೆ ಬೇರೆಡೆಯ ಬಳಕೆಗೆಂದು ಕಳಚಿದ್ದರು. ಮರಳಿ ಜೋಡಿಸಿದಾಗ ಸರಿಯಾಗಿ ಜೋಡಿಸಿರಲಿಲ್ಲ. ಎಲ್ಲ ಬೀಗಗಳೂ ಕಚ್ಚಿಕೊಳ್ಳುತ್ತಿರಲಿಲ್ಲ. ಅಂದು ಬಾಗಿಲು ಮುಚ್ಚುವಾಗಲೇ ತೊಡಕಾಗಿತ್ತೆಂದು ಕೆಲಸಗಾರರೇ ಆಮೇಲೆ ಹೇಳಿದರು. ಆದರೂ ವಿಮಾನ ಹೊರಟಿತು.

ಇದನ್ನು ಯಂತ್ರದೋಷವೆಂದರೆ ಸುಳ್ಳಲ್ಲ. ಆದರೆ ಅರ್ಧ ಸತ್ಯ. ಬೀಗ ತನ್ನನ್ನು ತಾನೇ ಕಳಚಿಕೊಳ್ಳಲಿಲ್ಲ. ಕಳಚಿದ ಕೈಯುಂಟು, ಕಳಚೆಂದ ಬಾಯುಂಟು, ನೋಡದೆ ಸಹಿ ಹಾಕುವ ಅಭ್ಯಾಸವುಂಟು, ಎಲ್ಲಕ್ಕೂ ಮೇಲೆ ಅವಸರವುಂಟು.

ಮಿಲ್ಲಿನಲ್ಲಿ ದುಡಿದವರು ಇದನ್ನು ಬಲ್ಲರು. ಒಂದು ಮಗ್ಗದ ಭಾಗ ಕಿತ್ತು ಇನ್ನೊಂದಕ್ಕೆ ಹಾಕಿ ಪಾಳಿ ನಡೆಸಿದ್ದನ್ನು ಕಾಣದವರಾರು? ಹೋಟೆಲಿನವರಾದ ನಾವೂ ಬಲ್ಲೆವು. ನಾನಿದ್ದ ಒಂದು ಕಡೆ ರುಬ್ಬುವ ಯಂತ್ರದ ಬೆಲ್ಟಿಗೆ ತಗಡಿನ ಹೊದಿಕೆಯಿತ್ತು. ಮಾಲಕರ ಇನ್ನೊಂದು ಹೋಟೆಲಿನ ಯಂತ್ರಕ್ಕೆಂದು ಅದನ್ನು ಬಿಚ್ಚಿ ಒಯ್ದರು. ‘ಎರಡು ದಿನ ಸುಧಾರಿಸಿಕೊಳ್ಳಿ’ ಎಂದರು. ಎರಡು ದಿನ ಎರಡು ತಿಂಗಳಾಯಿತು. ಒಂದು ಬೆಳಗ್ಗೆ ಊರಿನಿಂದ ಹೊಸದಾಗಿ ಬಂದ ಹುಡುಗನ ಎರಡು ಬೆರಳು ಹೋದುವು. ಮಾಲಕರು ಯಂತ್ರವನ್ನು ಬೈದರು, ಆಮೇಲೆ ಹುಡುಗನನ್ನು ಬೈದರು. ಹೊದಿಕೆಯ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಬಿಚ್ಚುವಾಗ ಸ್ಪಾನರು ಹಿಡಿದುಕೊಟ್ಟವನು ನಾನೇ. ಮಾತಾಡಿದರೆ ಕೆಲಸ ಹೋದೀತೆಂಬ ಹೆದರಿಕೆ. ಆ ಹುಡುಗ ಎಡಗೈಯಲ್ಲಿ ಅನ್ನ ಕಲಸಿಕೊಳ್ಳುವುದನ್ನು ಕಂಡ ದಿನದಿಂದ ಆ ಹೆದರಿಕೆಯ ಬೆಲೆ ನನಗೆ ತಿಳಿಯಿತು.

ಆದುದರಿಂದ ನನ್ನ ಮಾತು ಮಾಲಕರಿಗೆ ಮಾತ್ರವಲ್ಲ, ನಮಗೂ ಉಂಟು. ಬೀಗ ಜೋಡಿಸಿದವನೂ ದುಡಿಯುವವನೇ. ‘ಇದು ಸರಿ ಕೂರುತ್ತಿಲ್ಲ’ ಎನ್ನಬೇಕಾದವರು ನಾವು. ಹಾಗೆ ಅಂದವನ ಸಂಬಳಕ್ಕೆ ಕತ್ತರಿ ಬೀಳದಂತೆ ನೋಡಬೇಕಾದದ್ದು ಸಂಘ. ಕಳಚಿದ ಭಾಗ ಮರಳಿ ಕೂತು, ತಿಳಿದವನೊಬ್ಬ ನೋಡಿ ಪುಸ್ತಕದಲ್ಲಿ ಬರೆಯುವ ತನಕ ಯಂತ್ರ ನಿಂತಿರಲಿ. ಒಂದು ಹೊತ್ತಿನ ದೋಸೆ ತಪ್ಪಿದರೆ ಗಿರಾಕಿ ನಾಳೆ ಬರುತ್ತಾನೆ. ಹೋದ ಬೆರಳು ಬರುವುದಿಲ್ಲ. ಸೈಗಾನಿನ ಗದ್ದೆಯಲ್ಲಿ ಸತ್ತ ಮಕ್ಕಳೂ ಬರುವುದಿಲ್ಲ.

ಮುಂದಿನ ಸಲ ನಿಮ್ಮಲ್ಲಿ ಯಾರಾದರೂ ‘ಯಂತ್ರ ಕೆಟ್ಟಿತು’ ಎಂದರೆ ಒಂದೇ ಪ್ರಶ್ನೆ ಕೇಳಿ: ‘ಅದರಿಂದ ಏನು ಕಳಚಿದ್ದಿರಿ?’