ಹಿತ್ತಿಲಿನ ಬಣ್ಣ, ಸೂಜಿಯ ಎಣಿಕೆ

ಕಸೂತಿಗೆ ಹೊಸ ಮಾದರಿಗಳು ಎಲ್ಲಿ ದೊರೆಯುವುವೆಂದು ವಾಚಕ ಸೋದರಿಯೊಬ್ಬರು ಕೇಳಿ ಬರೆದಿರುವರು. ಅಚ್ಚಿನ ಪುಸ್ತಕದಲ್ಲಿ ಇದ್ದುದನ್ನೆಲ್ಲ ಹೊಲಿದು ಮುಗಿಸಿದೆನೆಂದೂ ಇನ್ನು ಕೈಗೆ ಕೆಲಸವಿಲ್ಲವೆಂದೂ ಅವರ ದೂರು. ನಿವೃತ್ತನಾದ ಉಪಾಧ್ಯಾಯನಿಗೆ ಸೂಜಿಯ ವಿಷಯದಲ್ಲಿ ಅಧಿಕಾರವೇನೆಂದು ಯಾರಾದರೂ ನಕ್ಕರೆ ನಗಲಿ. ಹೊಲಿಯುವ ಕೈ ನನ್ನದಲ್ಲ; ಶಬ್ದಗಳನ್ನು ಬಿಡಿಸಿ ನೋಡುವ ಅಭ್ಯಾಸವೊಂದುಂಟು. ಈ ಪ್ರಶ್ನೆಗೆ ಉತ್ತರವು ಬಹುಮಟ್ಟಿಗೆ ಶಬ್ದಗಳಲ್ಲಿಯೇ ಅಡಗಿದೆ.

ಧಾರವಾಡದ ಕಡೆಯ ಕಸೂತಿಯಲ್ಲಿ ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತೆ. ನೇಗಿ ಎಂಬುದು ನೇಯ್ಗೆಯನ್ನು ಹೋಲುವುದರಿಂದ ಬಂದ ಹೆಸರು. ಮೆಂತೆಯಾದರೋ ಅಡಿಗೆಮನೆಯ ಮೆಂತೆಯೇ. ಗುಣಾಕಾರದ ಚಿಹ್ನೆಯಂತೆ ಅಡ್ಡಡ್ಡ ಹಾಕಿದ ಹೊಲಿಗೆಗಳು ಒತ್ತಾಗಿ ಕುಳಿತಾಗ ಕಾಳು ಚೆಲ್ಲಿದಂತೆ ಕಾಣುವುದು. ಒಗ್ಗರಣೆಯ ಡಬ್ಬಿಯನ್ನು ದಿನವೂ ತೆರೆಯುತ್ತಿದ್ದವಳಲ್ಲದೆ ಬೇರೆ ಯಾರು ಈ ಹೆಸರಿಟ್ಟಾರು? ಇಳಕಲ್ಲಿನ ಸೀರೆಯ ಸೆರಗಿನಲ್ಲಿ ನೇಯುವ ಆಕಾರಗಳೂ ಹೀಗೆಯೇ: ಒಂದು ಹಣಿಗೆಯ ಹಲ್ಲು, ಒಂದು ಕೋಟೆಗೋಡೆಯ ತಲೆ, ಒಂದು ಜೋಳದ ತೆನೆ, ಒಂದು ಬೆಟ್ಟದ ಸಾಲು. ಆ ಸೀರೆಯ ಮೇಲೆ ಹೆಂಗಸರು ಹೊಲಿದುದೋ ತುಲಸೀ ವೃಂದಾವನ, ತೊಟ್ಟಿಲು, ನವಿಲು, ಗೋಪುರ, ತೇರು, ಅಂಬಾರಿಯ ಆನೆ. ಇವುಗಳಲ್ಲಿ ಯಾವುದನ್ನೂ ಅವರು ಪುಸ್ತಕದಲ್ಲಿ ಹುಡುಕಲಿಲ್ಲ. ತೊಟ್ಟಿಲು ಒಳಗೆ ತೂಗುತ್ತಿತ್ತು, ವೃಂದಾವನ ಅಂಗಳದಲ್ಲಿತ್ತು, ತೇರು ವರ್ಷಕ್ಕೊಮ್ಮೆ ಬೀದಿಗೆ ಬರುತ್ತಿತ್ತು.

ಬಣ್ಣಗಳ ಮಾತಂತೂ ಇನ್ನೂ ಸ್ಪಷ್ಟ. ಬಾಲ್ಯದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಗೊತ್ತು: ಪಾಟಲವೆಂದರೆ ಪಾದರಿಯ ಹೂವೂ ಹೌದು, ಬಿಳಿಗೆಂಪು ಬಣ್ಣವೂ ಹೌದು, ಧೂಮ್ರವು ಹೊಗೆಯಿಂದ ಬಂದುದು, ಕಪಿಶವು ಕಪಿಯಿಂದ. ನಮ್ಮ ಕನ್ನಡವೂ ಇದಕ್ಕೆ ಹಿಂದಾಗಿಲ್ಲ. ನೇರಳೆ, ಕಿತ್ತಳೆ ಎಂಬುವು ಹಣ್ಣುಗಳು. ಗಿಳಿಹಸಿರಿಗೆ ಗಿಳಿಯೇ ಬೇಕು. 1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟು ವರ್ಷದ ಹುಡುಗನು ಕಲ್ಲಿದ್ದಲ ಡಾಂಬರಿನ ಸಾರದಿಂದ ಹೊಸದೊಂದು ನಸುನೇರಳೆ ಬಣ್ಣವನ್ನು ಪಡೆದನು. ಮಂಜಿಷ್ಠ, ನೀಲಿಗಿಡಗಳ ಕಾಲ ಕಳೆಯಲು ಅದೇ ಆರಂಭ. ಆದರೆ ಗಿಡದ ಹಂಗಿಲ್ಲದ ಆ ಬಣ್ಣಕ್ಕೂ ಕಡೆಗೆ 'ಮೋವ್' ಎಂಬ ಹೆಸರೇ ನಿಂತಿತು. ಫ್ರೆಂಚ್ ಭಾಷೆಯಲ್ಲಿ ಅದೊಂದು ಹೂವಿನ ಹೆಸರು!

ಹಾಗಾದರೆ ಕಣ್ಣಿಗೆ ಬಿದ್ದುದನ್ನೆಲ್ಲ ಬಟ್ಟೆಗೆ ಇಳಿಸಬಹುದೆ? ಇಲ್ಲಿಯೇ ಕಷ್ಟವಿರುವುದು. ಕಸೂತಿಯಲ್ಲಿ ಬಟ್ಟೆಯ ಮೇಲೆ ಬರೆದುಕೊಂಡು ಹೊಲಿಯುವ ಪದ್ಧತಿಯಿಲ್ಲ. ಹಾಸುಹೊಕ್ಕಿನ ಎಳೆಗಳನ್ನು ಎಣಿಸಿ ಸೂಜಿ ಚುಚ್ಚಬೇಕು. ಆದುದರಿಂದ ಗೆರೆ ನೆಟ್ಟಗೆ ಹೋಗಬಹುದು, ಅಡ್ಡ ಹೋಗಬಹುದು, ಓರೆಯಾಗಿ ಹೋಗಬಹುದು, ಬಾಗಲಾರದು. ನವಿಲಿನ ಕೊರಳೂ ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. ಗವಂತಿಯಲ್ಲಿ ಸೂಜಿ ಒಂದು ದಾರಿಯಲ್ಲಿ ಹೋಗಿ, ಬಿಟ್ಟ ಎಡೆಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂತಿರುಗುವುದು. ಗಂಟು ಹಾಕುವಂತಿಲ್ಲ, ಮುಂಬದಿಯೂ ಹಿಂಬದಿಯೂ ಒಂದೇ ಆಗಿರಬೇಕು. ಎಲ್ಲಿಂದ ಹೊರಟು ಎಲ್ಲಿಗೆ ಮರಳುವೆನೆಂಬುದನ್ನು ಮೊದಲ ಹೊಲಿಗೆಗೆ ಮುಂಚೆಯೇ ತಿಳಿದಿರಬೇಕಾದ ಈ ವಿದ್ಯೆಯನ್ನು 'ಹೆಂಗಸರ ಹೊತ್ತು ಕಳೆಯುವ ಕೆಲಸ' ಎನ್ನುವ ಗಂಡಸರು ಒಂದು ತೊಟ್ಟಿಲನ್ನಾದರೂ ಹೊಲಿದು ತೋರಿಸಲಿ.

ಈಗ ನುಣುಪಾದ ರೇಷ್ಮೆಯ ಎಳೆ ಎಣಿಕೆಗೆ ಸಿಕ್ಕದೆಂದು ಮೇಲೆ ಜಾಲರಿ ಬಟ್ಟೆಯನ್ನು ಹಾಸಿ ಹೊಲಿದು, ಆಮೇಲೆ ಜಾಲರಿಯ ಎಳೆಗಳನ್ನು ಒಂದೊಂದಾಗಿ ಹಿರಿದು ತೆಗೆಯುವರು. ಅದು ತಪ್ಪಲ್ಲ. ಯಂತ್ರದ ಕಸೂತಿಯೂ ಅಂಗಡಿಗೆ ಬಂದಿದೆ. ಅದಕ್ಕೆ ತೊಟ್ಟಿಲು ಬರುವುದು, ತೇರು ಬರುವುದು, ಅಜ್ಜಿಯರು ಮಾಡಿದುದೆಲ್ಲ ಬರುವುದು. ನಾವೂ ಅದನ್ನೇ ಮತ್ತೆ ಮತ್ತೆ ಮಾಡುತ್ತ ಕುಳಿತರೆ ಯಂತ್ರವು ನಮಗಿಂತ ಬೇಗನೆ, ನಮಗಿಂತ ಅಗ್ಗವಾಗಿ ಮಾಡೀತು. ಹಳೆಯ ಮಾದರಿಗಳನ್ನು ತಳ್ಳಿಬಿಡಿರೆಂದು ನಾನು ಹೇಳುತ್ತಿಲ್ಲ. ಅವು ಬಾಯಿಪಾಠ, ಬಾಯಿಪಾಠವಿಲ್ಲದೆ ವಿದ್ಯೆ ನಿಲ್ಲದು. ಆದರೆ ಅಮರವನ್ನು ಒಪ್ಪಿಸಿದ ಹುಡುಗನು ಒಂದು ದಿನ ತಾನೇ ನಾಲ್ಕು ವಾಕ್ಯ ಬರೆಯಬೇಡವೆ? ತೊಟ್ಟಿಲನ್ನು ಮೊದಲು ಹೊಲಿದವಳು ತೊಟ್ಟಿಲನ್ನು ನೋಡಿದ್ದಳು. ನಾವು ಅವಳ ಹೊಲಿಗೆಯನ್ನು ಮಾತ್ರ ನೋಡುತ್ತಿರುವೆವು.

ಪತ್ರ ಬರೆದ ಸೋದರಿಯು ಮೊದಲು ಅಡಿಗೆಮನೆಯ ಮೊರವನ್ನು ಕೈಗೆ ತೆಗೆದುಕೊಳ್ಳಲಿ. ಬಿದಿರ ಸೀಳು ಎಷ್ಟರ ಮೇಲೆ ಹಾಯ್ದು ಎಷ್ಟರ ಕೆಳಗೆ ನುಸುಳುವುದೆಂದು ಎಣಿಸಲಿ. ಆ ಎಣಿಕೆಯೇ ನೇಗಿಗೆ ಸಿದ್ಧವಾದ ಮಾದರಿ. ಬಣ್ಣ ಬೇಕಾದರೆ ಹಿತ್ತಿಲಿನ ಒಂದೇ ಮಾವಿನ ಗಿಡ ಸಾಕು: ಚಿಗುರು ತಾಮ್ರಗೆಂಪು, ನಡುವಿನ ಎಲೆ ಎಳಹಸಿರು, ಹಳೆಯ ಎಲೆ ಕಡುಹಸಿರು, ತೊಗಟೆ ಬೂದು. ಈ ನಾಲ್ಕು ನೂಲನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ. ಗಿಡದಲ್ಲಿ ಒಪ್ಪಿದುದು ಬಟ್ಟೆಯಲ್ಲಿಯೂ ಬಹಳವಾಗಿ ಒಪ್ಪುವುದು. ಮೊದಲು ಚೌಕುಳಿ ಕಾಗದದಲ್ಲಿ ಮನೆಗಳನ್ನು ತುಂಬಿ ನೋಡಿಕೊಂಡರೆ ಬಿಚ್ಚುವ ಶ್ರಮ ತಪ್ಪೀತು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಹೊಲಿಯುವುದಾದರೆ ಹಗಲಿನಲ್ಲಿಯೇ ಹೊಲಿಯಲಿ. ಕಪ್ಪಿನ ಮೇಲೆ ದೀಪದ ಬೆಳಕಿನಲ್ಲಿ ಎಳೆ ಎಣಿಸುವುದೆಂದರೆ ಕಣ್ಣನ್ನೇ ಸವೆಸಿದಂತೆ.

ಮೊದಲ ತುಣುಕು ಮುಗಿದಾಗ ಅವರು ನಮಗೆ ಕಳುಹಿಸಿಕೊಡಲಿ. ನಾನು ಹಿಂಬದಿಯನ್ನೇ ಮೊದಲು ನೋಡುವೆನು.