ಹೆಸರಿನ ಆಸೆಗೆ ಬಿಟ್ಟಿ ಬಡಿಯಲಾರೆವು

"ಬರ್ರಪ್ಪ, ಬಂದು ಬಾರ್ಸಿ ಹೋಗಿ. ದುಡ್ಡಿಂದು ಆಮೇಲೆ ನೋಡಾನ. ಹೆಸ್ರು ಬರ್ತೈತಲ್ಲ ನಿಮಗೆ!"

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಿತ್ರದುರ್ಗ, ಎಲ್ಲಿಗೆ ಹೋದರೂ ನಮ್ಮ ತಮಟೆ-ಉರುಮೆ ತಂಡಕ್ಕೆ ಸಿಗುವ ಮೊದಲ ಮಾತು ಇದು. ಒಮ್ಮೆ ಜಾತ್ರೆ ಕಮಿಟಿಯವರು ಹೇಳುತ್ತಾರೆ, ಒಮ್ಮೆ ಉತ್ಸವದ ಸಂಘಟಕರು, ಒಮ್ಮೆ ಮೊಬೈಲು ಹಿಡಿದು ಬರುವ ಚಾನೆಲ್ ಹುಡುಗರು. ನಮ್ಮ ತಾತಂದಿರಿಗೆ ಊರ ಗೌಡ ಇದನ್ನೇ ಬೇರೆ ಥರ ಹೇಳುತ್ತಿದ್ದ: "ಬಾರ್ಲೇ, ಬಡೀಲೇ. ನಿಮ್ಮ ಕೆಲ್ಸ ಅದು." ಅಂದು ಅದಕ್ಕೆ ಬಿಟ್ಟಿ ಚಾಕರಿ ಎನ್ನುತ್ತಿದ್ದರು, ಇಂದು 'ಅವಕಾಶ' ಎನ್ನುತ್ತಾರೆ. ಕೈ ಬರಿದಾಗಿಯೇ ಮನೆಗೆ ಬರುತ್ತದೆ.

ಬೆಂಗಳೂರಿನಲ್ಲಿ ಯಾವ ಕಂಪನಿಗೂ ಸಹಿ ಹಾಕದೆ ತಮ್ಮ ಹಾಡನ್ನು ತಾವೇ ಕಟ್ಟಿ, ತಾವೇ ಪ್ರಚಾರ ಮಾಡಿಕೊಳ್ಳುವ ಗಿಟಾರಿನ ತಂಡಗಳಿಗೆ 'ಇಂಡಿ ಬ್ಯಾಂಡ್' ಎನ್ನುತ್ತಾರೆ. ಅಂದರೆ ಸ್ವತಂತ್ರ ತಂಡ. ಹಾಗಾದರೆ ನಮಗಿಂತ ಹಳೆಯ ಇಂಡಿ ಬ್ಯಾಂಡ್ ಯಾವುದು? ನಮ್ಮ ಕೇರಿಯ ಯಾವ ತಂಡದ ಸಹಿಯನ್ನು ಯಾವ ಕಂಪನಿ ಕೇಳಿತ್ತು? ನಮ್ಮವರಿಂದ ಕೇಳಿದ್ದು ಹೆಬ್ಬೆಟ್ಟು ಮಾತ್ರ, ಅದೂ ಸಾಲದ ಪತ್ರಕ್ಕೆ. ಅವರು ಕಂಪನಿ ಬೇಡವೆಂದು ಹೊರಗೆ ನಿಂತವರು. ನಾವು ಊರಿನಿಂದಲೇ ಹೊರಗೆ ಇಡಲ್ಪಟ್ಟವರು. ಅದಕ್ಕೇ 'ಮೊದಲು ಪುಕ್ಕಟೆ ನುಡಿಸಿ, ಆಮೇಲೆ ಬೆಳೀರಿ' ಎಂಬ ಅವರ ಲೋಕದ ಬುದ್ಧಿಮಾತು ನಮಗೆ ಸಲ್ಲದು. ನಾವು ತಲೆತಲಾಂತರ ಪುಕ್ಕಟೆ ನುಡಿಸಿದ್ದೇವೆ. ಬೆಳೆದವರು ಯಾರು?

ಈ ಚರ್ಮವಾದ್ಯ ನಮಗೆ ಕಲೆಯಾಗಿ ಬರಲಿಲ್ಲ. ಸಾವಿಗೆ ಬಡಿ, ಮಾರಿಹಬ್ಬಕ್ಕೆ ಬಡಿ, ಡಂಗುರಕ್ಕೆ ಬಡಿ ಎಂಬ ಜಾತಿಯ ಅಪ್ಪಣೆಯಾಗಿ ಬಂತು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ ಮೇಲೆ ಎಷ್ಟೋ ಕೇರಿಗಳು 'ಇನ್ನು ಬಡಿಯೋದಿಲ್ಲ' ಎಂದವು. ಅದೇ ಕಾಲಕ್ಕೆ ಅದೇ ತಮಟೆ ಹೋರಾಟದ ಮೆರವಣಿಗೆಯ ಮುಂದೆ ಮೊಳಗಿತು. ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಹುಟ್ಟಿದ್ದು ಹರಿಹರದಲ್ಲಿ; 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವವರೆಗೆ ಅದು ನಮ್ಮ ಚಿತ್ರದುರ್ಗ ಜಿಲ್ಲೆಯ ಊರೇ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಅವರ ಹಾಡುಗಳನ್ನು ಹಳ್ಳಿ ಹಳ್ಳಿಗೆ ಹೊತ್ತದ್ದು ಕಂಪನಿಯಲ್ಲ, ಜಾಥಾದಲ್ಲಿ ನಡೆದವರ ಗಂಟಲು. ತಮಟೆ ಬಿಸಾಕಿದವರೂ ಸರಿ, ಎತ್ತಿಕೊಂಡವರೂ ಸರಿ. ಯಾರ ಅಪ್ಪಣೆಗೆ ಬಡಿಯುತ್ತೇವೆ ಎಂಬುದೇ ಪ್ರಶ್ನೆ.

ಈಗ ಲೆಕ್ಕಕ್ಕೆ ಬನ್ನಿ. ನಮ್ಮದು ಎಂಟು ಜನರ ತಂಡ. ಒಂದು ಕಾರ್ಯಕ್ರಮವೆಂದರೆ ಎಂಟು ಜನರ ಅಂದಿನ ಕೂಲಿ ಹೋಯಿತು. ರಾತ್ರಿಯದಾದರೆ ಮಾರನೇ ದಿನದ್ದೂ ಹೋಯಿತು. ಟೆಂಪೋ ಬಾಡಿಗೆ, ಹರಿದ ಚರ್ಮ, ಮುರಿದ ಕಡ್ಡಿ ಬೇರೆ. ಪೆಂಡಾಲಿನವನಿಗೆ ಮುಂಗಡ, ಡಿಜೆಯವನಿಗೆ ಮುಂಗಡ, ಜನರೇಟರಿನವನಿಗೆ ಮುಂಗಡ. ತಮಟೆಯವನಿಗೆ ಮಾತ್ರ 'ಹೆಸ್ರು'! ದಿನಸಿ ಅಂಗಡಿಯಲ್ಲಿ ಹೆಸರಿಗೆ ಎಷ್ಟು ಕೆಜಿ ರಾಗಿ ತೂಗುತ್ತಾರೆ, ಹೇಳಿ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. ವೇದಿಕೆಯ ಮೇಲಿನ ಬಿಟ್ಟಿಗೆ ಅದರಲ್ಲಿ ವಿನಾಯಿತಿ ಬರೆದಿಲ್ಲ.

ದುಡ್ಡಿನಷ್ಟೇ ದೊಡ್ಡ ಕಳವು ದನಿಯ ಕಳವು. ನಮ್ಮ ಬಡಿತವನ್ನು ಜಾತ್ರೆಯಲ್ಲಿ ಹಿಡಿದುಕೊಂಡು ಹೋಗಿ ತಮ್ಮ ಚಾನೆಲ್ಲಿನ ಹೆಸರಲ್ಲಿ ಹಾಕುತ್ತಾರೆ. ಕೆಳಗೆ 'ಹಳ್ಳಿ ಸೊಗಡು' ಅಂತ ಬರೆಯುತ್ತಾರೆ. ಬಾರಿಸಿದವರ ಊರಿಲ್ಲ, ಹೆಸರಿಲ್ಲ. ಗೆಳೆಯರೇ, ಇದನ್ನು ತಿಳಿದಿರಿ: 1957ರ ಕಾಪಿರೈಟ್ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ತಂದು ಪ್ರದರ್ಶನಕಾರರ ಹಕ್ಕನ್ನು ಸೇರಿಸಿದರು. ಹಾಡುವವರು, ಬಾರಿಸುವವರು ಮಾತ್ರವಲ್ಲ, ಹಾವಾಡಿಗನೂ ಆ ಪಟ್ಟಿಯಲ್ಲಿದ್ದಾನೆ. ಈಗ ಆ ಹಕ್ಕಿನ ಅವಧಿ 50 ವರ್ಷ. 2012ರ ತಿದ್ದುಪಡಿ, 'ಇದನ್ನು ನುಡಿಸಿದವರು ಇವರು' ಎಂದು ಗುರುತಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ಆದರೆ ಸಿನಿಮಾಕ್ಕೆ ಸೇರಿಸಿಕೊಳ್ಳಿ ಎಂದು ಬರೆದುಕೊಟ್ಟು, ನಮ್ಮ ಷರತ್ತನ್ನು ಅದರಲ್ಲಿ ಬರೆಸದಿದ್ದರೆ, ಆಮೇಲೆ ಬಾಯಿ ಬಿಡುವುದು ಕಷ್ಟ. ಓದದ ಕಾಗದಕ್ಕೆ ಹಾಕಿದ ಸಹಿಯೂ ಹೆಬ್ಬೆಟ್ಟೇ.

ದೊಡ್ಡ ಹೆಸರು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಚೆನ್ನೈ ಕಡೆ ನೋಡಲಿ. ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ತಂಡದಿಂದ ಬಂದ ಅರಿವು, 2021ರಲ್ಲಿ 'ಎಂಜಾಯ್ ಎಂಜಾಮಿ' ಹಾಡಿಗೆ ಪದ ಬರೆದು ದನಿಗೂಡಿಸಿದರು. ಟೀ ತೋಟಗಳಲ್ಲಿ ದುಡಿದ ತಮ್ಮ ಹಿರಿಯರ ಬಾಳನ್ನು ಅದರಲ್ಲಿ ತುಂಬಿದರು. ಕೋಟಿಗಟ್ಟಲೆ ಜನ ಕೇಳಿದರು. ಅದೇ ವರ್ಷ ಆಗಸ್ಟಿನಲ್ಲಿ ಒಂದು ಸಂಗೀತ ಪತ್ರಿಕೆಯ ಮುಖಪುಟದಲ್ಲಿ ಆ ಹಾಡಿನ ಗಾಯಕಿ ಇದ್ದರು, ಅರಿವು ಇರಲಿಲ್ಲ. ನಿರ್ದೇಶಕ ಪಾ. ರಂಜಿತ್ ಬಹಿರಂಗವಾಗಿ ಕೇಳಿದ ಮೇಲೆ ಅರಿವುಗೂ ಮುಖಪುಟ ಬಂತು. ಆ ಹಾಡಿನಿಂದ ತಮಗೆ ಒಂದು ಪೈಸೆಯೂ ಬಂದಿಲ್ಲವೆಂದು ಸಂಗೀತ ನಿರ್ದೇಶಕ ಸಂತೋಷ್ ನಾರಾಯಣನ್ 2024ರಲ್ಲಿ ಹೇಳಿದರು. ಅಷ್ಟು ಹೆಸರಿದ್ದವರ ಪಾಡೇ ಇದಾದರೆ ಕೇರಿಯವರ ಪಾಡೇನು?

2023ರಲ್ಲಿ ತಮಟೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ನಮಗೆ ಹೆಮ್ಮೆ. ಆದರೆ ಒಬ್ಬರ ಕೊರಳಿಗೆ ಹಾರ ಹಾಕಿ, ಉಳಿದವರನ್ನು ಮೆರವಣಿಗೆಯ ಬಿಸಿಲಲ್ಲಿ ಮುಂದೆ ನಿಲ್ಲಿಸಿ, ಊಟದ ಹೊತ್ತಿಗೆ ಹಿಂದೆ ನಿಲ್ಲಿಸುವ ನಾಟಕ ನಿಲ್ಲಬೇಕು.

ಆದ್ದರಿಂದ ನಾವು ಹೀಗೆ ತೀರ್ಮಾನ ಮಾಡಿಕೊಂಡಿದ್ದೇವೆ. ಹೋಗುವ ಮೊದಲೇ ದರ ಮಾತಾಡಿ ಅರ್ಧ ಮುಂಗಡ. ಎಂಟು ಜನಕ್ಕೆ ಒಂಬತ್ತು ಪಾಲು. ಒಂಬತ್ತನೆಯದು ಚರ್ಮಕ್ಕೆ, ಕಡ್ಡಿಗೆ, ಕಾಯಿಲೆ ಬಿದ್ದವರಿಗೆ. ಹಾಡುವ ಹೆಣ್ಣುಮಕ್ಕಳ ಪಾಲು ಗಂಡಸರ ಪಾಲಿಗೆ ಸಮ. ಮೇಳ ಕಟ್ಟಿದವನಿಗೂ ಒಂದೇ ಪಾಲು, ನಮ್ಮೊಳಗೇ ಇನ್ನೊಬ್ಬ ಗೌಡ ಹುಟ್ಟಬಾರದು. ರೆಕಾರ್ಡು ಮಾಡುವವರು ಮೊದಲು ಕೇಳಬೇಕು, ತಂಡದ ಹೆಸರು ಮತ್ತು ಊರು ಹಾಕಬೇಕು. ಎಲ್ಲರ ಜೊತೆ ಪಂಕ್ತಿಯಲ್ಲಿ ಎಲೆ ಹಾಕದ ಕಡೆ ಕಾರ್ಯಕ್ರಮವಿಲ್ಲ. ನಮ್ಮ ಸಾವಿಗೆ, ನಮ್ಮ ಹೋರಾಟಕ್ಕೆ ದರವಿಲ್ಲ. ಅಲ್ಲಿ ಕರೆಯದಿದ್ದರೂ ಬರುತ್ತೇವೆ.

"ನೀವ್ ಬರದಿದ್ರೆ ಪಕ್ಕದೂರಿನೋರು ಬರ್ತಾರೆ ಬಿಡ್ರಿ" ಎಂದು ಹೆದರಿಸುತ್ತಾರೆ. ಈ ಮಾತಿನ ಬಲವಿರುವುದು ನಾವು ಬೇರೆ ಬೇರೆ ಇರುವತನಕ. ನಾಲ್ಕು ತಾಲ್ಲೂಕಿನ ತಂಡಗಳು ಒಂದು ಕಡೆ ಕೂತು ಒಂದೇ ದರ ಗೊತ್ತು ಮಾಡಿದರೆ ಪಕ್ಕದೂರಿನವನೂ ಅದೇ ದರ ಹೇಳುತ್ತಾನೆ. ಅಣ್ಣಂದಿರೇ, ಅಕ್ಕಂದಿರೇ, ಸುಗ್ಗಿ ಮುಗಿದು ಜಾತ್ರೆಗಳು ಶುರುವಾಗುವ ಮೊದಲೇ ಕೂರೋಣ ಬನ್ನಿ.